ಒಂದು ಲೋಟ ಟೀಯ ಪರಿಚಯ

ಬೈಸಿಕೊಳ್ಳುವುದು ನನ್ನ ಕೆಲಸವಾಗಿತ್ತು. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದ್ದಕ್ಕೆ ಇದು ಸಿಕ್ಕಿತು ಎಂದರೆ ಕೇಳಿದವರು ನಕ್ಕುಬಿಡುತ್ತಿದ್ದರು. ಆದ್ದರಿಂದ ಸಂಶೋಧನಾ ಸಹಾಯಕಿ ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ.

ವಿಶ್ವವಿದ್ಯಾಲಯದ ಹಳೇ ಕಟ್ಟಡದ ನೆಲಮಾಳಿಗೆಯಲ್ಲಿ ನಮ್ಮ ಪ್ರಯೋಗಾಲಯ. ಪ್ರಯೋಗಾಲಯ ಎಂದ ಕೂಡಲೇ ಗಾಜಿನ ಕೊಳವೆ, ಆಸಿಡ್ಡು ನೆನಪಾಗುವವರಿಗೆ ಅಲ್ಲಿ ನೋಡಲು ಏನೂ ಇರಲಿಲ್ಲ. ಒಂದು ಉದ್ದನೆಯ ಮೇಜು, ಸುತ್ತ ಒಂದೇ ನಮೂನೆಯ ಕುರ್ಚಿಗಳು, ಗೋಡೆಗೆ ದೊಡ್ಡದೊಂದು ಕನ್ನಡಿ. ಕನ್ನಡಿಯ ಹಿಂದೆ ಇನ್ನೊಂದು ಕಿರಿದಾದ ಕೋಣೆ ಇತ್ತು. ದೀಪ ಆರಿಸಿ ಅಲ್ಲಿ ಕೂತವರಿಗೆ ಅದು ಕನ್ನಡಿಯಲ್ಲ, ಕಿಟಕಿ.

ಜಾಹೀರಾತು ನೋಡಿ ಬಂದವರು ಮೇಜಿನ ಸುತ್ತ ಕೂರುತ್ತಿದ್ದರು. ಒಬ್ಬರಿಗೊಬ್ಬರು ಗುರುತಿಲ್ಲದ ಜನ. ನಾನೂ ಅವರಲ್ಲೊಬ್ಬಳ ಹಾಗೆ ಬಂದು ಕೂರುತ್ತಿದ್ದೆ. ಲಕೋಟೆಗಳಿಗೆ ಹಾಳೆ ತುಂಬುವ ಕೆಲಸ. ಸ್ವಲ್ಪ ಹೊತ್ತಿಗೆ ಮೇಲ್ವಿಚಾರಕ ಬಂದು, ಎಲ್ಲರ ಎದುರಿಗೆ, ಎಲ್ಲರಿಗೂ ಕೇಳುವಂತೆ, ಹಳದಿ ಹಾಳೆಗಳನ್ನು ನೀಲಿ ಲಕೋಟೆಗೆ ಹಾಕಿ ಎಂದು ನನಗೆ ಹೇಳಿ ಹೋಗುತ್ತಿದ್ದ. ಮತ್ತೆ ಬಂದಾಗ ಒಂದು ನೀಲಿ ಲಕೋಟೆ ಬಿಚ್ಚಿ ನೋಡಿ, ಹೀಗೆ ಹಾಕಲು ಯಾರು ಹೇಳಿದ್ದು ಎಂದು ಗದರುತ್ತಿದ್ದ. ನೀವೇ ಹೇಳಿದಿರಿ ಸಾರ್ ಎಂದು ನಾನು ಸಣ್ಣ ದನಿಯಲ್ಲಿ ಹೇಳಬೇಕು. ಆಗ ಅವನು ಮೇಜಿನ ಸುತ್ತ ಒಂದು ಸಲ ಕಣ್ಣಾಡಿಸಿ ಕೇಳುತ್ತಿದ್ದ:

"ನಾನು ಹಾಗೆ ಹೇಳಿದ್ದನ್ನ ಯಾರಾದ್ರೂ ಕೇಳಿಸ್ಕೊಂಡ್ರಾ?"

ಆಮೇಲೆ ಮೌನ. ನಮ್ಮ ಪ್ರಯೋಗವೆಲ್ಲ ಆ ಮೌನದ ಮೇಲೆಯೇ ನಿಂತಿತ್ತು. ಅದನ್ನು ಯಾರು ಒಡೆಯುತ್ತಾರೆ, ಯಾವಾಗ ಒಡೆಯುತ್ತಾರೆ, ಒಡೆಯುವುದೇ ಇಲ್ಲವೋ.

ಮೇಲ್ವಿಚಾರಕನ ಪಾತ್ರ ಮಾಡುತ್ತಿದ್ದವನು ನಾಟಕದ ತಂಡವೊಂದರ ನಟ. ಅವನ ಗಂಟಲಿಗೆ ನಾವು ಇಟ್ಟ ಹೆಸರು ಗುಡುಗು. ಹೊರಗೆ ಬಹಳ ಮೆತ್ತನೆಯ ಮನುಷ್ಯ. ಪ್ರತಿ ಸಲ ಬೈದಾದ ಮೇಲೂ ಹಿಂದಿನ ಕೋಣೆಗೆ ಬಂದು, ಜಾಸ್ತಿ ಆಯ್ತಾ ಎಂದು ನನ್ನನ್ನು ಕೇಳುತ್ತಿದ್ದ. ಮನೆಯಲ್ಲಿ ಬೈಸಿಕೊಳ್ಳುವ ಪಾತ್ರ ನನ್ನದು, ಬೈಯುವ ಪಾತ್ರ ಹೆಂಡತಿಯದು ಎನ್ನುತ್ತಿದ್ದ.

ಇದನ್ನೆಲ್ಲ ಕಟ್ಟಿದವರು ನಮ್ಮ ಪ್ರೊಫೆಸರ್ ಮೇಡಂ. ಗುಡುಗು ಒಂದು ಪದ ಹೆಚ್ಚು ಕಡಿಮೆ ಆಡಿದರೆ ಆ ದಿನದ ಕೆಲಸವನ್ನೆಲ್ಲ ಕೈಬಿಡುತ್ತಿದ್ದರು. ನಾನು ಉಡುವ ಬಟ್ಟೆಯ ಬಣ್ಣ, ದೀಪದ ಬೆಳಕು, ಕುರ್ಚಿಗಳ ನಡುವಿನ ಜಾಗ ಯಾವುದೂ ಬದಲಾಗುವಂತಿರಲಿಲ್ಲ. ಬದಲಾಗುತ್ತಿದ್ದದ್ದು ಒಂದೇ. ಕೆಲವು ಗುಂಪುಗಳು ನೇರವಾಗಿ ಕೆಲಸಕ್ಕೆ ಕೂರುತ್ತಿದ್ದವು. ಇನ್ನು ಕೆಲವು ಗುಂಪುಗಳಿಗೆ ಮೊದಲು ಒಟ್ಟಿಗೆ ಟೀ. ಒಂದು ಲೋಟ ಟೀ ಕುಡಿದು ಮುಗಿಸುವಷ್ಟು ಹೊತ್ತು ಅವರು ಒಬ್ಬರ ಜೊತೆ ಒಬ್ಬರು ಏನು ಬೇಕಾದರೂ ಮಾತಾಡಬಹುದು.

ಇಷ್ಟು ಕಷ್ಟಪಟ್ಟು ಸುಳ್ಳು ಕೋಣೆ ಕಟ್ಟುವ ಬದಲು ನಿಜವಾದ ಆಫೀಸಿಗೋ ಕಾರ್ಖಾನೆಗೋ ಹೋಗಿ ನೋಡಬಾರದೇ ಎಂದು ಸೇರಿದ ಹೊಸದರಲ್ಲಿ ಕೇಳಿದ್ದೆ. ಮೇಡಂಗೆ ಈ ಪ್ರಶ್ನೆ ಇಷ್ಟವಾಯಿತು.

"ಅಲ್ಲಿ ಯಾರೂ ಬಾಯಿ ಬಿಡ್ಲಿಲ್ಲ ಅಂತಿಟ್ಕೋ. ಯಾಕೆ ಅಂತ ಹೇಗೆ ಹೇಳ್ತೀಯ? ಹೆದರಿಕೆಯಾ, ಹೊಟ್ಟೆಕಿಚ್ಚಾ, ಕಿವಿಗೇ ಬೀಳ್ಲಿಲ್ವಾ? ಎಲ್ಲಾ ಗಂಟುಬಿದ್ದಿರುತ್ತೆ. ಇಲ್ಲಿ ನಾವು ಒಂದೇ ಎಳೆ ಹಿಡಿದು ಎಳೀತೀವಿ. ನಾಳೆ ಇನ್ಯಾರೋ ಇನ್ನೊಂದು ಊರಲ್ಲಿ ಇದೇ ಕೋಣೆ ಕಟ್ಟಿ ಎಳೆದು ನೋಡಬಹುದು."

ಎಳೆ ಚೆನ್ನಾಗಿಯೇ ಬಂತು. ಟೀ ಇಲ್ಲದೆ ಕೂತವರು ಹೆಚ್ಚಿನಂಶ ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು. ಟೀ ಕುಡಿದವರು ಮಾತಾಡುತ್ತಿದ್ದರು. ಕೂತಲ್ಲಿಂದಲೇ ನನಗೆ ಮುಂಚಿತವಾಗಿ ಗೊತ್ತಾಗಿಬಿಡುತ್ತಿತ್ತು. ಮೊದಲು ಕೈ ಮೇಜಿನಿಂದ ಮೇಲೇಳುತ್ತದೆ, ಭುಜ ಮುಂದಕ್ಕೆ ಬರುತ್ತದೆ, ಬಾಯಲ್ಲೊಂದು ಉಸಿರು ಎಳೆದುಕೊಳ್ಳುತ್ತಾರೆ. ಅಷ್ಟಾದರೆ ಮಾತು ಬಂದೇ ಬರುತ್ತದೆ. ನಿವೃತ್ತ ಗುಮಾಸ್ತರೊಬ್ಬರು ಗುಡುಗಿನ ಎದೆಗೆ ಬೆರಳು ಚುಚ್ಚಿ, ಇದು ನಿನ್ನ ನಾಲಿಗೆಯೋ ಬಾಡಿಗೆಗೆ ತಂದದ್ದೋ ಎಂದು ಕೇಳಿದ್ದರು. ದಾದಿಯೊಬ್ಬಳು ನನ್ನ ಕೈ ಹಿಡಿದುಕೊಂಡೇ ಜಗಳವಾಡಿದ್ದಳು. ನನ್ನ ಹೆಸರೂ ಸರಿಯಾಗಿ ತಿಳಿಯದವರು ನನಗಾಗಿ ಮೈಮೇಲೆ ಬಂದವರಂತೆ ಕೂಗಾಡಿದ್ದನ್ನು ನಾನು ಎಷ್ಟು ಸಲ ಕಂಡೆನೋ.

ಇದನ್ನೆಲ್ಲ ಮನೆಗೆ ಬಂದು ಊಟ ಮಾಡುತ್ತಾ ಹೇಳುತ್ತಿದ್ದೆ. ನಾನಿದ್ದದ್ದು ಅಕ್ಕ ಭಾವನ ಜೊತೆ. ಭಾವ ಲಿಫ್ಟು ರಿಪೇರಿ ಮಾಡುವವರು. ಇಡೀ ದಿನ ಮನುಷ್ಯರನ್ನು ಮೇಲೆ ಕೆಳಗೆ ಮಾಡಿ ಸಾಕಾಗಿದೆ, ಇವಳು ಇನ್ನಷ್ಟು ಮನುಷ್ಯರನ್ನು ಮನೆಗೆ ಕರೆತರುತ್ತಾಳೆ ಎಂದು ಗೊಣಗುತ್ತಲೇ ಕಿವಿಗೊಡುತ್ತಿದ್ದರು. ಇವತ್ತು ಎಷ್ಟು ಜನ ನಿನ್ನ ಮಾನ ಉಳಿಸಿದರು ಎಂದು ಅವರೇ ಕೇಳುವುದೂ ಇತ್ತು. ಅಕ್ಕ ಮಾತ್ರ ತಮಾಷೆ ಮಾಡುತ್ತಿರಲಿಲ್ಲ. ಆ ದಾದಿ ಏನೆಂದಳು, ಆ ಗುಮಾಸ್ತರು ಕೂತಿದ್ದರೋ ಎದ್ದು ನಿಂತರೋ ಎಂದು ಬಿಡಿಸಿ ಬಿಡಿಸಿ ಕೇಳುತ್ತಿದ್ದಳು.

ಅಕ್ಕ ಕೆಲಸ ಮಾಡುತ್ತಿದ್ದದ್ದು ಔಷಧಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ. ಮದುವೆಗೆ ಮುಂಚಿನಿಂದ ಅಲ್ಲೇ. ಬಾಟಲಿಗೆ ಮುಚ್ಚಳ ಹಾಕುವ ಜಾಗದಲ್ಲಿ ಶುರುಮಾಡಿ, ಈಗ ಬಾಟಲಿಗಳು ಸಾಗುವ ಒಂದಿಡೀ ಬೆಲ್ಟಿನ ಜವಾಬ್ದಾರಿ ಅವಳದಾಗಿತ್ತು. ತಲೆಗೆ ಬಲೆಯ ಟೋಪಿ, ಬಾಯಿಗೆ ಬಟ್ಟೆ, ಕಣ್ಣಷ್ಟೇ ಹೊರಗೆ. ಆ ಬೆಲ್ಟಿನ ಹೆಂಗಸರೆಲ್ಲ ಮಧ್ಯಾಹ್ನ ಒಂದೇ ಮೇಜಿಗೆ ಕೂತು, ಡಬ್ಬಿಗಳನ್ನು ನಡುವೆ ಸುರಿದಂತೆ ಇಟ್ಟು, ಯಾರದ್ದು ಯಾರು ತಿಂದರೆಂದು ಗೊತ್ತಾಗದ ಹಾಗೆ ಉಣ್ಣುತ್ತಿದ್ದರು. ಅವರಲ್ಲಿ ಅಕ್ಕನ ಪಕ್ಕದ ಜಾಗದವಳಿಗೆ ಕಿಲಕಿಲ ಎಂದು ಹೆಸರು. ಏನು ಹೇಳಿದರೂ ನಗುವವಳು. ಅವಳ ಹೆರಿಗೆಗೆ ಆಸ್ಪತ್ರೆಯಲ್ಲಿ ಕೂತಿದ್ದವಳು ಅಕ್ಕ. ಅವಳ ಗಂಡನಿಗೆ ಅದೇ ಕಾರ್ಖಾನೆಯ ಲೋಡಿಂಗ್ ವಿಭಾಗದಲ್ಲಿ ಕೆಲಸ ಸಿಗುವಂತೆ ಯಾರ ಯಾರ ಹತ್ತಿರವೋ ಹೇಳಿಸಿದವಳೂ ಅಕ್ಕನೇ.

ಮೇಡಂ ಪ್ರಯೋಗದ ಮೊದಲ ಫಲಿತಾಂಶ ಪತ್ರಿಕೆಯೊಂದರಲ್ಲಿ ಬಂದಾಗ ಭಾವ ಅದನ್ನು ಗಟ್ಟಿಯಾಗಿ ಓದಿದರು. ಪರಿಚಯವಿದ್ದರೆ ಜನ ಸುಮ್ಮನಿರುವುದಿಲ್ಲ ಎಂದು ತಲೆಬರಹ. ಮೇಡಂ ವರದಿಗಾರನಿಗೆ ಎಚ್ಚರಿಕೆಯಿಂದ ಹೇಳಿದ್ದ ಆದರೆಗಳು, ಬಹುಶಃಗಳು ಒಂದೂ ಅದರಲ್ಲಿರಲಿಲ್ಲ. ಅದನ್ನು ಓದಿ ಮೇಡಂ ಮಧ್ಯಾಹ್ನದವರೆಗೆ ಯಾರೊಡನೆಯೂ ಮಾತಾಡಿರಲಿಲ್ಲ. ಅಕ್ಕ ಆ ತಲೆಬರಹವನ್ನು ಕಾರ್ಖಾನೆಯ ಊಟದ ಮೇಜಿನಲ್ಲಿ ಹೇಳಿದಳಂತೆ. ನಾವು ಇವಳ ಡಬ್ಬಿಯನ್ನಷ್ಟೇ ಅಲ್ಲ, ತಲೆಯನ್ನೂ ತಿಂದಿದ್ದೇವೆ ಎಂದು ಕಿಲಕಿಲ ನಕ್ಕಳಂತೆ.

ಅದಾಗಿ ಸ್ವಲ್ಪ ದಿನಕ್ಕೇ ಅಕ್ಕನ ಬೆಲ್ಟಿನಲ್ಲಿ ಅದು ನಡೆದದ್ದು.

ಒಂದು ಔಷಧಿ ತುಂಬಿ ಮುಗಿದು ಇನ್ನೊಂದು ಶುರುವಾಗುವ ಮುನ್ನ ಬೆಲ್ಟನ್ನು ನಿಲ್ಲಿಸಬೇಕು. ಹಳೆಯ ಲೇಬಲ್ಲಿನ ಒಂದು ಚೂರೂ ಉಳಿಯದಂತೆ ತೆಗೆದು, ಮೂಲೆ ಮುಡುಕು ನೋಡಿ, ಆಮೇಲೆ ಹೊಸದು. ಆ ದಿನ ಹೊರಗೆ ಲಾರಿ ಕಾಯುತ್ತಿತ್ತು. ದೊಡ್ಡವರ ಟಾನಿಕ್ಕು ಮುಗಿದು ಮಕ್ಕಳ ಕೆಮ್ಮಿನ ಸಿರಪ್ಪು ಬರಬೇಕು. ಅಕ್ಕ ಗುಂಡಿ ಒತ್ತಲು ಕೈ ಚಾಚಿದಾಗ ಸೂಪರ್‌ವೈಸರ್ ಬಂದು, ನಿಲ್ಲಿಸೋದು ಬೇಡ, ಓಡಲಿ ಎಂದ. ಲೇಬಲ್ ಉಳಿದಿದೆ ಸಾರ್ ಎಂದು ಅಕ್ಕ ಹೇಳಿದಳು. ಬೆಲ್ಟಿನ ಸದ್ದಿಗೆ ಅಲ್ಲಿ ಯಾರು ಏನು ಹೇಳಬೇಕಾದರೂ ಕೂಗಿಯೇ ಹೇಳಬೇಕು. ನಾನಿದ್ದೀನಲ್ಲ, ಓಡಿಸು ಎಂದು ಅವನೂ ಕೂಗಿದ. ಇಡೀ ಸಾಲು ಕೇಳಿಸಿಕೊಂಡಿತು. ಕಿಲಕಿಲ ಅಕ್ಕನ ಮುಖ ನೋಡಿ ಕಣ್ಣು ಹೊರಳಿಸಿದಳು.

ಮಕ್ಕಳ ಸಿರಪ್ಪಿನ ಕೆಲವು ಬಾಟಲಿಗಳು ದೊಡ್ಡವರ ಟಾನಿಕ್ಕಿನ ಲೇಬಲ್ ಹೊತ್ತು ಹೊರಟುಹೋದವು. ಯಾವುದೋ ಅಂಗಡಿಯವನು ಬಣ್ಣ ನೋಡಿ ಅನುಮಾನಪಟ್ಟಿದ್ದರಿಂದ ಯಾರ ಜೀವಕ್ಕೂ ಏನೂ ಆಗಲಿಲ್ಲ. ಕಳಿಸಿದ ಮಾಲನ್ನೆಲ್ಲ ವಾಪಸು ತರಿಸಬೇಕಾಯಿತು. ಬೆಲ್ಟು ನಿಲ್ಲಿಸದೆ ಓಡಿಸು ಎಂದು ನಿನಗೆ ಯಾರು ಹೇಳಿದ್ದು ಎಂದು ಸೂಪರ್‌ವೈಸರ್ ಎಲ್ಲರೆದುರು ಅಕ್ಕನನ್ನು ಕೇಳಿದ.

ಅಕ್ಕ ಇದನ್ನು ಮನೆಗೆ ಬಂದು ಹೇಳಿದಾಗ ಅವನ ಮಾತನ್ನು ಮತ್ತೊಮ್ಮೆ ಹೇಳಿಸಿಕೊಂಡೆ. ಆ ವಾಕ್ಯದ ಏರಿಳಿತ ಕೂಡ ನನಗೆ ಬಾಯಿಪಾಠವಾಗಿತ್ತು. ಮೇಡಂ ಅದನ್ನು ಗಾಳಿಯಿಂದ ಹಿಡಿದು ತಂದಿರಲಿಲ್ಲ, ಎಲ್ಲ ಕೆಲಸದ ಜಾಗಗಳಲ್ಲೂ ಬಿದ್ದಿದ್ದನ್ನು ಎತ್ತಿಕೊಂಡಿದ್ದರು ಅಷ್ಟೆ.

ಕಂಪನಿಯ ಸಿಬ್ಬಂದಿ ವಿಭಾಗದವರು ಅಕ್ಕನನ್ನು ಕರೆದು ಎರಡು ದಾರಿ ತೋರಿಸಿದರು. ತಾನಾಗಿ ರಾಜೀನಾಮೆ ಕೊಟ್ಟರೆ ಒಳ್ಳೆಯ ನಡತೆಯ ಪತ್ರ ಬರೆದುಕೊಡುತ್ತಾರೆ, ಬೇರೆ ಔಷಧಿ ಕಂಪನಿಯಲ್ಲಿ ಸೇರಿಕೊಳ್ಳಬಹುದು. ಇಲ್ಲವಾದರೆ ವಿಚಾರಣೆ. ವಿಚಾರಣೆಯಲ್ಲಿ ತಪ್ಪು ಅವಳದೇ ಎಂದಾದರೆ ವಜಾ. ಆ ಕಾರಣಕ್ಕೆ ವಜಾ ಆದವಳನ್ನು ಮುಂದೆ ಯಾವ ಔಷಧಿ ಕಂಪನಿಯೂ ಗೇಟಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ಅಕ್ಕನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಪತ್ರ ತೆಗೆದುಕೊಂಡು ಬಾ ಎಂದು ಭಾವ ಹೇಳಿದರು. ಲಿಫ್ಟು ನಡುವೆ ನಿಂತಾಗ ಒಳಗಿದ್ದವರು ಬಾಗಿಲು ಗುದ್ದುತ್ತಾ ಕೂರುವುದಿಲ್ಲ, ಯಾವ ಸಂದಿ ಸಿಕ್ಕರೂ ಅದರಲ್ಲಿ ನುಸುಳಿ ಹೊರಗೆ ಬರುತ್ತಾರೆ ಎಂದರು. ಅಕ್ಕ ಕೇಳಲಿಲ್ಲ. ವಿಚಾರಣೆಯೇ ಆಗಲಿ, ಇಡೀ ಸಾಲನ್ನು ಕೂರಿಸಿ ಕೇಳಲಿ ಎಂದಳು. ನಾನು ಅವಳ ಪಕ್ಕ ಕೂತು ನಿಧಾನವಾಗಿ ಹೇಳಿದೆ, ಅದು ಕೋಣೆ ಅಕ್ಕ, ಇದು ಕಾರ್ಖಾನೆ. ನಮ್ಮಲ್ಲಿ ಬಂದವರು ಬೆಳಿಗ್ಗೆ ಬಂದು ಮಧ್ಯಾಹ್ನ ಹೋಗುತ್ತಾರೆ, ಗುಡುಗಿನ ಮುಖವನ್ನು ಮತ್ತೆಂದೂ ನೋಡುವುದಿಲ್ಲ.

ಅಕ್ಕ ನನ್ನನ್ನೇ ನೋಡಿದಳು. ಅವಳ ಮುಖದಲ್ಲಿ ಹಟವಿರಲಿಲ್ಲ. ಲೆಕ್ಕ ಬಿಡಿಸಿ ಸರಿಯುತ್ತರ ಬಂದವರ ನೆಮ್ಮದಿ ಇತ್ತು.

"ನೀನೇ ಹೇಳಿದ್ದಲ್ವೇನೇ, ಒಂದು ಲೋಟ ಟೀ ಕುಡಿದೋರು ಗುರುತಿಲ್ಲದೋಳಿಗೆ ಜಗಳಕ್ಕೆ ನಿಂತ್ರು ಅಂತ. ಇವರು ನನ್ನ ಕೈಯೂಟ ಉಂಡೋರು ಕಣೇ. ಎಷ್ಟು ವರ್ಷದಿಂದ."

ಟೀ ಹೆಚ್ಚಿದಷ್ಟೂ ಧೈರ್ಯ ಹೆಚ್ಚುತ್ತದೆ ಎಂದು ನಾವು ಯಾರೂ ಹೇಳಿರಲಿಲ್ಲ. ಹೆಚ್ಚುವುದಿಲ್ಲ ಎಂದೂ ಹೇಳಿರಲಿಲ್ಲ.

ಮರುದಿನ ಮೇಡಂ ಅವರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾವು ಒಂದು ಲೋಟ ಟೀ ಅಳೆದಿದ್ದೇವೆ, ವರ್ಷಗಳನ್ನು ಅಳೆದಿಲ್ಲ ಎಂದರು. ಅಳೆಯದ ಜಾಗದ ಬಗ್ಗೆ ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ನಿಮ್ಮ ಮನಸ್ಸಿಗೆ ಏನನ್ನಿಸುತ್ತದೆ ಅದನ್ನಾದರೂ ಹೇಳಿ ಎಂದು ನಾನು ಒತ್ತಾಯಿಸಿದೆ. ನನ್ನ ಅನಿಸಿಕೆಗೆ ಬೀದಿಯವರ ಅನಿಸಿಕೆಗಿಂತ ಹೆಚ್ಚು ಬೆಲೆ ಇಲ್ಲ, ಆದರೆ ನಾನು ಹೇಳಿದರೆ ಬೆಲೆ ಇದೆಯೆಂದು ನಿಮ್ಮಕ್ಕ ನಂಬುತ್ತಾರೆ, ಅದಕ್ಕೇ ಹೇಳುವುದಿಲ್ಲ ಎಂದರು. ಪ್ರಾಮಾಣಿಕ ಮಾತು. ಅದನ್ನು ಹೊತ್ತುಕೊಂಡು ಮನೆಗೆ ಹೋದಾಗ ಅಕ್ಕ ರಾಜೀನಾಮೆ ಕೊಡುವುದಿಲ್ಲವೆಂದು ತಿಳಿಸಿ ಬಂದಾಗಿತ್ತು. ಬೆಳಿಗ್ಗೆ ಉಟ್ಟು ಹೋಗಲು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು.

ವಿಚಾರಣೆಯ ದಿನ ನಾನೂ ಜೊತೆಗೆ ಹೋದೆ. ಹೊರಗಿನವರನ್ನು ಒಳಗೆ ಬಿಡುವುದಿಲ್ಲವೆಂದು ಓಣಿಯ ಬೆಂಚಿನ ಮೇಲೆ ಕೂರಿಸಿದರು. ಬಾಗಿಲಿನ ಮೇಲರ್ಧ ಗಾಜು. ಒಳಗಿನ ಮಾತು ಹೊರಗೆ ಕೇಳುತ್ತಿರಲಿಲ್ಲ, ಮುಖಗಳೆಲ್ಲ ಕಾಣುತ್ತಿದ್ದವು. ಉದ್ದನೆಯ ಮೇಜು. ಒಂದು ತುದಿಯಲ್ಲಿ ಮ್ಯಾನೇಜರ್, ಅವನ ಬಲಕ್ಕೆ ಸೂಪರ್‌ವೈಸರ್, ಇನ್ನೊಂದು ತುದಿಯಲ್ಲಿ ಅಕ್ಕ. ಎರಡೂ ಬದಿಗೆ ಬೆಲ್ಟಿನ ಹೆಂಗಸರು. ಟೋಪಿ, ಬಾಯಿಬಟ್ಟೆ ಇಲ್ಲದ ಆ ಹೆಂಗಸರು ಯಾರದ್ದೋ ಮನೆಗೆ ಬಂದ ನೆಂಟರಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದರು.

ಅವರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳುತ್ತಾರೆಂದು ನಾನು ತಿಳಿದಿದ್ದೆ. ಹಾಗೆ ಮಾಡಲಿಲ್ಲ. ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಆರೋಪ ಹೊರಿಸಿದವನನ್ನೂ ಎದುರಿಗೆ ಕೂರಿಸಿ, ನಾಳೆ ಬೆಳಿಗ್ಗೆ ಅವನ ಕೈಕೆಳಗೆ ಕೆಲಸಕ್ಕೆ ಬರಬೇಕಾದವರನ್ನು ಕೇಳುತ್ತಿದ್ದರು. ನಮ್ಮ ಕೋಣೆಯಲ್ಲಿ ಮೇಡಂ ಕುರ್ಚಿಗಳ ಅಂತರ ಅಳೆಯುತ್ತಿದ್ದದ್ದು ನೆನಪಾಯಿತು. ಎದ್ದು ಹೋಗಿ ಬಾಗಿಲು ತಟ್ಟಿ, ಹೀಗೆ ಕೇಳಿದರೆ ಯಾವ ಉತ್ತರವೂ ಉತ್ತರವಲ್ಲ ಎಂದು ಹೇಳಬೇಕು ಎನ್ನಿಸಿತು. ಹೇಳಿದರೆ ನನ್ನನ್ನು ಗೇಟಿನಾಚೆ ಕಳಿಸುತ್ತಿದ್ದರು, ಅಷ್ಟೆ. ಅಕ್ಕನಿಗೆ ಅದೂ ಒಂದು ಕೆಟ್ಟ ಹೆಸರು.

ಮ್ಯಾನೇಜರ್ ಏನೋ ಓದಿದ. ಅಕ್ಕ ಮಾತಾಡಿದಳು, ಕೈ ಆಡಿಸದೆ, ನೆಟ್ಟಗೆ ಕೂತು. ಸೂಪರ್‌ವೈಸರ್ ತಲೆಯಾಡಿಸಿದ. ಮ್ಯಾನೇಜರ್ ಮೇಜಿನ ಎರಡೂ ಬದಿಗೆ ನೋಡಿ ಒಂದು ಪ್ರಶ್ನೆ ಕೇಳಿದ. ಕೇಳಿಸದಿದ್ದರೂ ಯಾವ ಪ್ರಶ್ನೆಯೆಂದು ನನಗೆ ಗೊತ್ತಿತ್ತು.

ಹೆಂಗಸರ ತಲೆಗಳು ಒಂದೊಂದಾಗಿ ತಗ್ಗಿದವು. ಒಬ್ಬಳು ಸೆರಗಿನ ದಾರ ಕೀಳತೊಡಗಿದಳು. ನಾನು ಕಿಲಕಿಲಳ ಮೇಲೆ ಕಣ್ಣಿಟ್ಟಿದ್ದೆ. ಅವಳ ಕೈ ಮೇಜಿನಿಂದ ಮೇಲೆದ್ದಿತು. ಭುಜ ಮುಂದಕ್ಕೆ ಬಂತು. ಬಾಯಿ ಸ್ವಲ್ಪ ತೆರೆಯಿತು, ಉಸಿರು ಎಳೆದುಕೊಂಡಳು. ನಾನು ಬೆಂಚಿನಿಂದ ಎದ್ದು ನಿಂತೆ. ಅಷ್ಟು ಮಾಡಿದ ಮೇಲೆ ಮಾತಾಡದೆ ಉಳಿದವರನ್ನು ನಾನು ಒಬ್ಬರನ್ನೂ ಕಂಡಿರಲಿಲ್ಲ.

ಅವಳು ಅಕ್ಕನ ಕಡೆಗೆ ನೋಡಿದಳು. ಸೂಪರ್‌ವೈಸರ್‌ನ ಕಡೆಗಲ್ಲ, ಅಕ್ಕನ ಕಡೆಗೆ. ನೋಡಿ, ಎತ್ತಿದ ಕೈಯಿಂದ ಕೂದಲು ಸರಿಮಾಡಿಕೊಂಡು ಮತ್ತೆ ಕೆಳಗಿಟ್ಟಳು.

ವಜಾ ಮಾಡಿದ್ದಾರೆಂದು ಆ ದಿನವೇ ತಿಳಿಸಿದರು. ಅಕ್ಕ ಮನೆಗೆ ಬಂದು ಬಟ್ಟೆ ಬದಲಿಸಿ ಮಲಗಿದಳು. ಯಾರನ್ನೂ ಬೈಯಲಿಲ್ಲ. ಭಾವ ಅವಳ ಕಾಲ ಬುಡದಲ್ಲಿ ಕೂತು, ನಾನು ಹೇಳಿರಲಿಲ್ಲವೇ ಎಂಬ ಒಂದು ಮಾತನ್ನು ಆಡದೆ ನುಂಗುತ್ತಿದ್ದರು. ಅವರ ಪಾಲಿಗೆ ಅದು ದೊಡ್ಡ ತ್ಯಾಗ.

ಮೇಲಿನ ಅಧಿಕಾರಿಗೆ ಅರ್ಜಿ ಹಾಕಲು ಅವಕಾಶವಿತ್ತು. ಅದಕ್ಕೆ ಒಬ್ಬಳಾದರೂ ಸಾಕ್ಷಿ ಬೇಕು. ನಾನು ಸಂಜೆ ಕಾರ್ಖಾನೆ ಬಿಡುವ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ಕಿಲಕಿಲಳನ್ನು ಕಾದೆ. ನನ್ನನ್ನು ಕಂಡು ತಪ್ಪಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳೇ ಹತ್ತಿರ ಬಂದು, ಅಕ್ಕ ಊಟ ಮಾಡುತ್ತಿದ್ದಾಳಾ ಎಂದು ಕೇಳಿದಳು. ನಾನು ಜೋರು ಮಾಡಲಿಲ್ಲ. ಅವತ್ತು ಮಾತಾಡಲು ಹೊರಟು ಯಾಕೆ ನಿಲ್ಲಿಸಿದೆ ಎಂದಷ್ಟೇ ಕೇಳಿದೆ. ನಾನು ನೋಡಿದ್ದೆನೆಂದು ತಿಳಿದು ಅವಳ ಮುಖ ಬಿಳಿಚಿಕೊಂಡಿತು. ಗಂಡ ಲೋಡಿಂಗಿನಲ್ಲಿದ್ದಾನೆ, ಇಬ್ಬರದೂ ಅನ್ನ ಒಂದೇ ಗೇಟಿನೊಳಗಿದೆ ಎಂದಳು. ಅದು ನನಗೆ ಗೊತ್ತಿದ್ದದ್ದೇ. ಅದು ಗೊತ್ತಿದ್ದೂ ಅವಳ ಕೈ ಮೇಲೆದ್ದಿತ್ತು. ಬಸ್ಸೊಂದು ಬಂದು ಹೋಯಿತು. ಅವಳು ಹತ್ತಲಿಲ್ಲ.

"ಹೇಳೇಬಿಡೋಣ ಅಂತಿದ್ದೆ ಕಣಮ್ಮ. ಆಗ ನಿಮ್ಮಕ್ಕನ್ನ ನೋಡ್ದೆ. ಅವಳು ನನ್ನ ಮೇಲೆ ಬೇಜಾರು ಮಾಡ್ಕೊಳಲ್ಲ, ಅವಳಿಗೆ ನನ್ನ ಕಷ್ಟ ಗೊತ್ತು ಅನ್ನಿಸ್ತು. ಆ ಸೂಪರ್‌ವೈಸರ್ ಮಾತ್ರ ಬಿಡಲ್ಲ. ಬೇರೆ ಯಾರೇ ಆಗಿದ್ರೂ ಹೇಳಿಬಿಡ್ತಿದ್ದೆ ಅನ್ಸುತ್ತೆ. ಅವಳು ಕ್ಷಮಿಸ್ತಾಳೆ ಅಂತ ಗೊತ್ತಿತ್ತು ನಂಗೆ."

ಹೇಳುವಾಗ ಅವಳು ನಕ್ಕಳು. ಅಳುವುದಕ್ಕೂ ಅವಳಲ್ಲಿದ್ದದ್ದು ಅದೊಂದೇ ಸದ್ದು. ಅರ್ಜಿಗೆ ಸಾಕ್ಷಿ ಹೇಳುತ್ತೀಯಾ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. ಮುಂದಿನ ಬಸ್ಸು ಹತ್ತಿ ಹೋದಳು.

ಇದನ್ನು ಮೇಡಂಗೆ ಹೇಳಿದೆ. ಅವರು ಕುರ್ಚಿಯಿಂದ ಎದ್ದು ಕಿಟಕಿಯವರೆಗೆ ಹೋಗಿ ಬಂದರು. ಇಷ್ಟು ದಿನ ಪರಿಚಯವೆಂದರೆ ಒಂದೇ ಕಡೆಗೆ ಎಳೆಯುವ ಹಗ್ಗವೆಂದು ತಿಳಿದಿದ್ದೆವು, ಉದ್ದವಾದಷ್ಟೂ ಅದು ಇನ್ನೊಂದು ಕಡೆಗೂ ಎಳೆಯಬಹುದು ಎಂದರು. ಅವರ ದನಿಯಲ್ಲಿ ಒಂದು ಕ್ಷಣ ಉತ್ಸಾಹ ಬಂದು, ಅದಕ್ಕೆ ಅವರೇ ನಾಚಿಕೊಂಡರು. ಇದನ್ನು ನಮ್ಮ ಕೋಣೆಯಲ್ಲಿ ಮಾಡಿ ನೋಡಬಹುದಾ ಎಂದು ಕೇಳಿದೆ. ಆಗುವುದಿಲ್ಲ ಎಂದರು. ವರ್ಷಗಟ್ಟಲೆಯ ಗೆಳತಿಯರನ್ನು ಕರೆತಂದು, ಅವರ ಹೊಟ್ಟೆಪಾಡು ಕಿತ್ತುಕೊಳ್ಳುವ ಭಯ ನಿಜವಾಗಿ ಹಾಕದೆ ಅದನ್ನು ಅಳೆಯಲಾಗದು. ಹಾಗೆ ಹಾಕುವುದು ಪಾಪದ ಕೆಲಸ, ವಿಶ್ವವಿದ್ಯಾಲಯವೂ ಒಪ್ಪುವುದಿಲ್ಲ, ಒಪ್ಪಬಾರದು. ಹಾಗಾದರೆ ಕಿಲಕಿಲ ಹೇಳಿದ್ದು? ಒಬ್ಬಳು ಹೇಳಿದ್ದು ಒಬ್ಬಳು ಹೇಳಿದ್ದಷ್ಟೇ ಎಂದರು ಮೇಡಂ. ಅದನ್ನು ಕೋಣೆಯೊಳಗೆ ತರಲಾಗುವುದಿಲ್ಲ, ಕೋಣೆಯ ಹೊರಗೆ ಅದು ಬರಿಯ ಒಂದು ಕತೆ.

ಸಾಕ್ಷಿ ಇಲ್ಲದೆಯೇ ಅರ್ಜಿ ಹಾಕಿದೆವು. ಮೇಲಿನ ಅಧಿಕಾರಿ ಸಭ್ಯ ಮನುಷ್ಯ. ನಮ್ಮಿಬ್ಬರನ್ನೂ ಒಳಗೆ ಕರೆದು ಕೂರಿಸಿ, ಫ್ಯಾನು ಜೋರು ಮಾಡಿಸಿದರು. ಅಕ್ಕ ಹೇಳಿದ್ದನ್ನೆಲ್ಲ ಕೊನೆಯವರೆಗೆ ಕೇಳಿದರು. ಆಮೇಲೆ, ತಾವು ಎಲ್ಲೋ ಓದಿದ್ದು ನೆನಪಿದೆ, ಯಾವುದೋ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿ ಕಂಡುಹಿಡಿದಿದ್ದಾರೆ ಎಂದು ಶುರುಮಾಡಿದರು.

"ಸ್ವಲ್ಪ ಪರಿಚಯ ಇದ್ರೂ ಸಾಕು, ಜನ ಅನ್ಯಾಯ ನೋಡ್ಕೊಂಡು ಸುಮ್ನಿರಲ್ವಂತೆ. ನಿಮ್ಮ ಜೊತೆಯವರು ಎಷ್ಟೋ ವರ್ಷದ ಪರಿಚಯದೋರಮ್ಮ. ಒಬ್ಬರೂ ಬಾಯಿ ಬಿಡ್ಲಿಲ್ಲ. ನಾನೇನು ತಿಳ್ಕೊಳ್ಲಿ?"

ಆ ಪ್ರಯೋಗದಲ್ಲಿ ಕೆಲಸ ಮಾಡುವವಳು ನಾನೇ ಎಂದೆ. ಅದರಿಂದ ಹೀಗೆ ಅರ್ಥಮಾಡುವಂತಿಲ್ಲ ಎಂದು ವಿವರಿಸತೊಡಗಿದೆ. ಅಲ್ಲಿ ಯಾರಿಗೂ ನಾಳೆ ಎಂಬುದಿರಲಿಲ್ಲ, ಅಲ್ಲಿ ಸುಮ್ಮನಿದ್ದರೂ ಮಾತಾಡಿದರೂ ಯಾರೂ ಏನೂ ಕಳೆದುಕೊಳ್ಳುತ್ತಿರಲಿಲ್ಲ. ಮಾತಾಡಿದಷ್ಟೂ, ತಂಗಿಯಾದವಳು ಅಕ್ಕನಿಗಾಗಿ ತನ್ನ ಕೆಲಸವನ್ನೇ ಹಳಿಯುತ್ತಿದ್ದಾಳೆ ಎಂಬ ಕನಿಕರ ಅವರ ಮುಖದಲ್ಲಿ ಮೂಡುವುದು ಕಾಣುತ್ತಿತ್ತು. ಕೊನೆಗೆ ಮೇಡಂಗೇ ಫೋನು ಮಾಡಿ ಕೇಳಿ ಎಂದೆ. ಅವರು ಕೂಡಲೇ ಮಾಡಿದರು. ಮೇಡಂ ಬಹಳ ಹೊತ್ತು ಮಾತಾಡಿದರು. ಅಧಿಕಾರಿ ಹೂಂಗುಟ್ಟುತ್ತಾ ಕೇಳಿ ಫೋನಿಟ್ಟರು.

ನಿಮ್ಮ ಪ್ರೊಫೆಸರ್ ಹೇಳುವುದು ಸರಿ, ಆ ಪ್ರಯೋಗವನ್ನು ಇಲ್ಲಿಗೆ ಹಚ್ಚಬಾರದಂತೆ ಎಂದರು. ಅದು ನಿಮ್ಮಕ್ಕ ತಪ್ಪು ಮಾಡಿದಳು ಎಂದು ತೋರಿಸುವುದಿಲ್ಲ. ಮಾಡಿಲ್ಲ ಎಂದೂ ತೋರಿಸುವುದಿಲ್ಲ. ಆದ್ದರಿಂದ ಅದನ್ನು ಪಕ್ಕಕ್ಕಿಡುತ್ತೇನೆ. ಪಕ್ಕಕ್ಕಿಟ್ಟ ಮೇಲೆ ಮೇಜಿನ ಮೇಲೆ ಉಳಿದದ್ದು ಒಂದೇ. ಯಾರೂ ಮಾತಾಡಿರಲಿಲ್ಲ. ಆದೇಶ ಹಾಗೇ ನಿಂತಿತು.

ಹೊರಗೆ ಬಂದು ಬಸ್ಸು ಹತ್ತಿದೆವು. ಕಿಟಕಿ ಪಕ್ಕ ಅಕ್ಕ ಕೂತಳು. ಹೊಸ ಕೆಲಸದ ಬಗ್ಗೆ ಏನಾದರೂ ಹೇಳಬೇಕೆಂದು ನಾನು ಮನಸ್ಸಿನಲ್ಲಿ ಮಾತು ಹುಡುಕುತ್ತಿದ್ದೆ. ಹೇಳುವಂಥದ್ದು ಯಾವುದೂ ಇರಲಿಲ್ಲ. ಔಷಧಿ ಕಂಪನಿಗಳ ಬಾಗಿಲು ಮುಚ್ಚಿತ್ತು. ಅವಳ ವಯಸ್ಸಿಗೆ ಬೇರೆಯವರು ಹೊಸಬರನ್ನು ತೆಗೆದುಕೊಳ್ಳುವುದಿಲ್ಲ. ಇದು ಅವಳಿಗೂ ಗೊತ್ತಿತ್ತು. ಅವಳು ಬೇರೇನನ್ನೋ ಯೋಚಿಸುತ್ತಿದ್ದಳು.

"ನೀವು ಅಲ್ಲಿ ಜನನ ಕೂರ್ಸಿ ಸುಳ್ಳು ಹೇಳ್ತೀರಲ್ಲ, ಆಮೇಲೆ ಅವರಿಗೆ ನಿಜ ಹೇಳಿ ಕಳಿಸ್ತೀರೋ?"

ಹೇಳುತ್ತೇವೆ ಎಂದೆ. ಅದು ನಿಯಮ. ಎಲ್ಲ ಮುಗಿದ ಮೇಲೆ ಗುಡುಗು ನಗುತ್ತಾ ಒಳಗೆ ಬರುತ್ತಾನೆ, ನಾನು ಅವನ ಪಕ್ಕ ನಿಲ್ಲುತ್ತೇನೆ, ಇದರಲ್ಲಿ ಯಾರದೂ ತಪ್ಪಿಲ್ಲವೆಂದು ಮೇಡಂ ಕೂತು ತಿಳಿಸಿ ಹೇಳುತ್ತಾರೆ. ಯಾರನ್ನೂ ಎದೆಯ ಮೇಲೆ ಭಾರ ಹೊರಿಸಿ ಕಳಿಸುವಂತಿಲ್ಲ.

"ಸುಮ್ನಿದ್ದೋರಿಗೂ ಹೇಳ್ತೀರಾ?"

"ಅವರಿಗೇ ಮೊದಲು ಹೇಳೋದು."

ಅಕ್ಕ ಹೊರಗೆ ನೋಡುತ್ತಾ ಕೂತಳು. ಅಂಗಡಿಗಳು ಬಾಗಿಲು ತೆರೆದಿದ್ದವು, ಯಾರೋ ಏಣಿ ಹತ್ತಿ ಬೋರ್ಡು ಒರೆಸುತ್ತಿದ್ದರು. ಕಿಲಕಿಲ ಅವತ್ತಿನಿಂದ ಮನೆ ಕಡೆ ಬಂದಿಲ್ಲ, ಪಾಪ, ಹೇಗಿದ್ದಾಳೋ ಎಂದಳು. ಆಮೇಲೆ ತನ್ನಷ್ಟಕ್ಕೆ ಎಂಬಂತೆ,

"ಅವಳ ಮೇಲೆ ಸಿಟ್ಟು ಬರ್ಲಿ ಅಂತ ಎಷ್ಟು ದಿನದಿಂದ ಕಾಯ್ತಿದ್ದೀನಿ ಕಣೇ. ಬರ್ತಾನೇ ಇಲ್ಲ."

ಬಸ್ ನಿಲ್ದಾಣದಲ್ಲಿ ಕಿಲಕಿಲ ಹೇಳಿದ ಮಾತನ್ನು ನಾನು ಅಕ್ಕನಿಗೆ ಹೇಳಿರಲಿಲ್ಲ. ಆಗಲೂ ಹೇಳಲಿಲ್ಲ.